ಸಣ್ಣ ಕಾರ್ಖಾನೆಯ ಅಶ್ವಮೇಧ

ಮೋಟಾರ್ ಸೈಕಲುಗಳನ್ನು ತಯಾರಿಸುವ ಸಣ್ಣ ಕಾರ್ಖಾನೆಯೊಂದರ ಯಜಮಾನನು, ಕೆಲಸಗಾರರ ಸಂಬಳವೂ ಸಾಮಗ್ರಿಯ ಬೆಲೆಯೂ ಸಾಲದ ಬಡ್ಡಿಯೂ ಕಳೆದು ಕೈಯಲ್ಲಿ ಉಳಿದ ಅಲ್ಪ ದ್ರವ್ಯವನ್ನು ಯಾವುದಕ್ಕೆ ವಿನಿಯೋಗಿಸಬೇಕೆಂದು ಯೋಚಿಸುವ ಕಾಲದಲ್ಲಿ, ವೃತ್ತಿನಿರತ ಮೊಟೊಕ್ರಾಸ್ ತಂಡವೊಂದನ್ನು ಪೋಷಿಸುವುದು ಯುಕ್ತವೋ ಅಯುಕ್ತವೋ ಎಂಬ ಪ್ರಶ್ನೆ ಅವನ ಮುಂದೆ ಬಂದರೆ, ಅದಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರವು ಜಾಹೀರಾತಿನ ಲೆಕ್ಕದಿಂದ ಹುಟ್ಟಿದ್ದಾಗಿರುತ್ತದೆ: ಇಷ್ಟು ಖರ್ಚು ಮಾಡಿದರೆ ಇಷ್ಟು ಹೆಸರು, ಇಷ್ಟು ಹೆಸರಿಗೆ ಇಷ್ಟು ಮಾರಾಟ. ಆ ಲೆಕ್ಕವನ್ನು ನಾನು ಹಳಿಯುವುದಿಲ್ಲ. ಅಂಗಡಿಯನ್ನು ತೆರೆದವನು ಲೆಕ್ಕವನ್ನು ಬಲ್ಲವನಾಗಿರಲೇಬೇಕು. ಆದರೆ ಈ ಪ್ರಶ್ನೆಯ ಒಳಗೆ ಲೆಕ್ಕಕ್ಕೆ ಸಿಕ್ಕದ ಮತ್ತೊಂದು ಪ್ರಶ್ನೆ ಅಡಗಿದೆ. ವ್ಯಯವಾಗುವ ಧನ ಯಾರದು, ಅಪಾಯಕ್ಕೊಡ್ಡಿದ ದೇಹ ಯಾರದು, ದೊರೆಯುವ ಕೀರ್ತಿ ಯಾರಿಗೆ ಸಲ್ಲುತ್ತದೆ ಎಂದು ಕೇಳಿದೊಡನೆಯೇ ವಿಷಯವು ವಾಣಿಜ್ಯದ ಎಲ್ಲೆಯನ್ನು ದಾಟಿ ಧರ್ಮವಿಚಾರದ ಕ್ಷೇತ್ರವನ್ನು ಪ್ರವೇಶಿಸುತ್ತದೆ. ಅಲ್ಲಿ ನಿಂತು ಅದನ್ನು ನೋಡಬೇಕೆಂಬುದೇ ನನ್ನ ಅಪೇಕ್ಷೆ.

1924ರಲ್ಲಿ ಇಂಗ್ಲೆಂಡಿನ ಕೇಂಬರ್ಲಿಯಲ್ಲಿ ಕೆಲವರು, ಸವಾರಿಯ ಕೌಶಲಕ್ಕೆ ಅಂಕ ಕೊಡುವ ಹಳೆಯ ಪದ್ಧತಿಯನ್ನು ಬದಿಗಿಟ್ಟು, ಹಳ್ಳ ದಿಣ್ಣೆಗಳ ಮೇಲೆ ಯಾರು ಮೊದಲು ಬರುವರೋ ಅವರೇ ಗೆದ್ದವರೆಂದು ಸ್ಪರ್ಧೆಯೊಂದನ್ನು ನಡೆಸಿದರು. ಅದರಿಂದ ಬೆಳೆದು ಬಂದ ಕ್ರೀಡೆಯೇ ಮೊಟೊಕ್ರಾಸ್. ಇಂದಿನ ವಿಶ್ವ ಸ್ಪರ್ಧೆಯಲ್ಲಿ ಒಂದೊಂದು ಊರಿನಲ್ಲಿಯೂ ಮೂವತ್ತು ನಿಮಿಷ ಮತ್ತು ಎರಡು ಸುತ್ತುಗಳ ಓಟ ಎರಡು ಬಾರಿ ನಡೆಯುತ್ತದೆ. ಕೆಸರು, ಮರಳು, ಗಟ್ಟಿ ಮಣ್ಣು, ಮನೆಯ ಎತ್ತರಕ್ಕೆ ಹಾರಿ ಬೀಳುವ ಗುಡ್ಡ, ಹಿಂದಿನ ಚಕ್ರಗಳು ಕೊರೆದ ಕಾಲುವೆಯಂಥ ಜಾಡು: ಇವುಗಳ ನಡುವೆ ಒಂದು ಯಂತ್ರವು ತನ್ನ ದೌರ್ಬಲ್ಯವನ್ನು ಬಹಳ ಹೊತ್ತು ಮುಚ್ಚಿಟ್ಟುಕೊಳ್ಳಲಾರದು. ಚೌಕಟ್ಟಿನ ಬೆಸುಗೆ ಸರಿಯಿಲ್ಲದಿದ್ದರೆ ಅದು ಅಲ್ಲಿ ಬಿರಿಯುತ್ತದೆ. ಕ್ಲಚ್ಚು ದುರ್ಬಲವಾಗಿದ್ದರೆ ಅಲ್ಲಿ ಸುಡುತ್ತದೆ. ತಂಡವೆಂದರೆ ಸವಾರನೊಬ್ಬನೇ ಅಲ್ಲ. ಅವನ ಮೆಕ್ಯಾನಿಕ್, ಸಸ್ಪೆನ್ಷನ್ನಿನ ಮರ್ಮವನ್ನು ಬಲ್ಲವನು, ಎಂಜಿನ್ನನ್ನು ಬಿಚ್ಚಿ ಕಟ್ಟುವವನು, ಇವರೆಲ್ಲರನ್ನೂ ಬಿಡಿಭಾಗಗಳನ್ನೂ ಹೊತ್ತು ದೇಶದಿಂದ ದೇಶಕ್ಕೆ ಸಾಗುವ ಲಾರಿ, ಇವೆಲ್ಲ ಸೇರಿ ತಂಡ. ದೊಡ್ಡ ಜಪಾನೀ ಕಂಪೆನಿಗೆ ಇದು ಸಮುದ್ರದಿಂದ ತೆಗೆದ ಬೊಗಸೆ ನೀರು. ಸಣ್ಣವನಿಗೆ ಮನೆಯ ಕೊಡ.

ಆದರೂ ಸಣ್ಣವರು ಈ ಕಣಕ್ಕೆ ಇಳಿದಿದ್ದಾರೆ, ಗೆದ್ದೂ ಇದ್ದಾರೆ. ಸ್ವೀಡನ್ನಿನ ಸ್ಟೆನ್ ಲುಂಡಿನ್ 1959ರಲ್ಲಿ ಮೊನಾರ್ಕ್ ಎಂಬ ಯಂತ್ರದ ಮೇಲೂ 1961ರಲ್ಲಿ ಲಿಟೊ ಎಂಬ ಯಂತ್ರದ ಮೇಲೂ 500 ಸಿಸಿ ವರ್ಗದ ವಿಶ್ವ ಪ್ರಶಸ್ತಿಯನ್ನು ಪಡೆದನು. ಲಿಟೊ ಎಂಬುದು ಕಾರ್ಖಾನೆಯೆನ್ನುವುದಕ್ಕಿಂತ ಕಮ್ಮಟವೆನ್ನತಕ್ಕಷ್ಟು ಚಿಕ್ಕದು. ಅದೇ ಕಾಲದಲ್ಲಿ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ಥಂಡರ್ಸ್ಲಿಯಲ್ಲಿ ಗ್ರೀವ್ಸ್ ಎಂಬ ಕಾರ್ಖಾನೆಯಿತ್ತು. ಇದರ ಚರಿತ್ರೆ ನಮ್ಮ ವಿಚಾರಕ್ಕೆ ಬಹು ಸಮೀಪವಾದದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಬರ್ಟ್ ಗ್ರೀವ್ಸ್ ಎಂಬಾತನ ಬಂಧುವಾದ ಡೆರಿ ಪ್ರೆಸ್ಟನ್-ಕಾಬ್ ಕಾಲುಗಳ ಶಕ್ತಿಯಿಲ್ಲದವನು. ಅವನ ಗಾಲಿಕುರ್ಚಿಗೆ ಗ್ರೀವ್ಸ್ ಒಂದು ಮೋಟಾರನ್ನು ಜೋಡಿಸಿಕೊಟ್ಟನು. ಯುದ್ಧದಿಂದ ಅಂಗವಿಕಲರಾದವರು ದೇಶದ ತುಂಬ ಇದ್ದ ಆ ಸಮಯದಲ್ಲಿ, ಆ ಕುರ್ಚಿಯಿಂದಲೇ ಇನ್ವಾಕಾರ್ ಎಂಬ ಉದ್ಯಮ ಬೆಳೆಯಿತು; ಅಂಗವಿಕಲರ ಮೂರು ಚಕ್ರದ ಬಂಡಿಗಳನ್ನು ಸರ್ಕಾರಕ್ಕೆ ಮಾಡಿಕೊಡುವ ಕೆಲಸ ಅದರ ಅನ್ನದ ದಾರಿಯಾಯಿತು. 1950ರ ದಶಕದಲ್ಲಿ ಅದೇ ಸೂರಿನ ಕೆಳಗೆ ಮೋಟಾರ್ ಸೈಕಲುಗಳೂ ಹುಟ್ಟಿದವು. ಎಂಜಿನ್ ವಿಲಿಯರ್ಸ್ ಕಂಪೆನಿಯದು. ಆದರೆ ಎರಕದ ಅಲ್ಯೂಮಿನಿಯಮ್ ಮಿಶ್ರಲೋಹದ ಮುಂದಿನ ತೊಲೆಯುಳ್ಳ ಚೌಕಟ್ಟೂ ತಿರುಚಿಗೆ ಮಣಿಯುವ ರಬ್ಬರಿನ ಮೇಲೆ ನಿಂತ ಮುಂಗಾಲೂ ಗ್ರೀವ್ಸನ ಸ್ವಂತ ಬುದ್ಧಿಯವು. ಈ ಯಂತ್ರದ ಮೇಲೆ ಡೇವ್ ಬಿಕರ್ಸ್ 1960 ಮತ್ತು 1961ರಲ್ಲಿ 250 ಸಿಸಿ ವರ್ಗದ ಯೂರೋಪಿಯನ್ ಚಾಂಪಿಯನ್ ಆದನು. ನಡೆಯಲಾರದವರಿಗೆ ಬಂಡಿ ಮಾಡುತ್ತಿದ್ದ ಕೈಗಳು ಗುಡ್ಡವನ್ನು ಹಾರುವವನಿಗೂ ಬಂಡಿಯನ್ನು ಮಾಡಿದುವೆಂಬುದನ್ನು ಯೋಚಿಸಿದಾಗಲೆಲ್ಲ ನನ್ನ ಮನಸ್ಸು ಆ ಕಾರ್ಖಾನೆಯ ಮೇಲೆ ಗೌರವದಿಂದ ನಿಲ್ಲುತ್ತದೆ. ಅಲ್ಲಿ ಸ್ಪರ್ಧೆಯು ಕೆಲಸಕ್ಕೆ ಹೊರಗಿನ ಅಲಂಕಾರವಾಗಿರಲಿಲ್ಲ. ಮುಂಗಾಲಿನ ರಬ್ಬರು ತಾಳುತ್ತದೆಯೇ, ಎರಕದ ತೊಲೆ ಮುರಿಯದೆ ಇರುತ್ತದೆಯೇ ಎಂಬ ಪ್ರಶ್ನೆಗಳಿಗೆ ಬಿಕರ್ಸನು ಭಾನುವಾರ ತರುತ್ತಿದ್ದ ಉತ್ತರವು ಸೋಮವಾರದ ಕೆಲಸಕ್ಕೆ ಬೇಕಾದ ಉತ್ತರವಾಗಿತ್ತು.

ಶರಣರು ಕಾಯಕವೆಂದು ಕರೆದ ತತ್ತ್ವಕ್ಕೆ ಇದು ಸಲ್ಲುತ್ತದೆಂದು ನಾನು ಭಾವಿಸುತ್ತೇನೆ. ಕಾಯಕದಲ್ಲಿ ಸತ್ಯಶುದ್ಧಿ ಮುಖ್ಯ. ಮಾಡಿದ ವಸ್ತುವು ತಾನು ಹೇಳಿಕೊಂಡಂತೆ ಇದೆಯೇ ಎಂದು ಮಾಡಿದವನೇ ಪರೀಕ್ಷಿಸಿ ನೋಡುವುದು ಆ ಶುದ್ಧಿಯ ಒಂದು ಅಂಗ. ಅಮೆರಿಕದ ಸ್ಪರ್ಧೆಗಳಲ್ಲಿ 1986ರಿಂದ, ಅಂಗಡಿಯಲ್ಲಿ ಮಾರುವ ಯಂತ್ರವನ್ನೇ ಆಧಾರವಾಗಿ ಇಟ್ಟುಕೊಂಡು ಓಡಬೇಕೆಂಬ ನಿಯಮ ಜಾರಿಯಲ್ಲಿದೆ. ಕೋಟಿಗಟ್ಟಲೆ ಸುರಿದು ಒಬ್ಬ ಸವಾರನಿಗಾಗಿ ಒಂದೇ ಯಂತ್ರವನ್ನು ಕಡೆದು ಕೊಡುವ ಪರಿಪಾಠಕ್ಕೆ ಅಲ್ಲಿ ಅಂದೇ ತಡೆ ಬಿತ್ತು. ಆ ನಿಯಮವನ್ನು ಮಾಡಿದವರ ಮನಸ್ಸಿನಲ್ಲಿ ಧರ್ಮವಿಚಾರವಿತ್ತೋ ಇಲ್ಲವೋ, ಫಲ ಮಾತ್ರ ಧರ್ಮಕ್ಕೆ ಅನುಕೂಲವಾಯಿತು: ಓಟದ ಕಣದಲ್ಲಿ ಕಂಡ ದೋಷದ ಪರಿಹಾರ ಗಿರಾಕಿಯ ಕೈಗೆ ಬೇಗ ತಲುಪುವಂತಾಯಿತು. ಸಣ್ಣ ತಯಾರಕನಿಗೆ ಪ್ರಯೋಗಶಾಲೆಯಿಲ್ಲ, ನೂರಾರು ಎಂಜಿನಿಯರುಗಳಿಲ್ಲ. ಆದುದರಿಂದ ಕಣವೇ ಅವನ ಪ್ರಯೋಗಶಾಲೆಯೆಂಬ ವಾದದಲ್ಲಿ ಹುರುಳಿದೆ.

ಈ ವಾದದ ಆಚೆಗಿನ ಸಂಗತಿಗಳನ್ನೂ ಮುಚ್ಚಿಡಲಾಗದು. ಚೆಕೊಸ್ಲೊವಾಕಿಯದ ಸಿ.ಝಡ್. ಕಾರ್ಖಾನೆಯ ಯಂತ್ರಗಳ ಮೇಲೆ ಬೆಲ್ಜಿಯಮ್ಮಿನ ಜೋಯೆಲ್ ರೊಬೇರ್ 1964, 1968, 1969ರಲ್ಲಿ 250 ಸಿಸಿ ವಿಶ್ವ ಪ್ರಶಸ್ತಿಯನ್ನು ಗೆದ್ದನು. 1970ರಲ್ಲಿ ಅವನು ಸುಝುಕಿಗೆ ಹೋಗಿ ಅಲ್ಲಿಯೂ ಸತತವಾಗಿ ಮೂರು ವರ್ಷ ಗೆದ್ದನು. ಬಡವನು ಬೆಳೆಸಿದ ಸವಾರನು ಬಲ್ಲಿದನ ಮನೆಯನ್ನು ಸೇರುವುದು ಈ ಕ್ರೀಡೆಯಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. (ಸಿ.ಝಡ್.ನ ಜೊತೆಗಾರನಾದ ಜಾವಾ ನಮಗೆ ಅಪರಿಚಿತವಲ್ಲ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರ ವರೆಗೆ ಆ ವಂಶದ ಗಾಡಿಗಳನ್ನು ಮಾಡಿ ದೇಶಕ್ಕೆಲ್ಲ ಕಳಿಸಿತು. ಆ ಎಂಜಿನ್ನಿನ ಸದ್ದನ್ನು ದೂರದಿಂದಲೇ ಗುರುತಿಸಬಲ್ಲವರು ಹಳೆಯ ಮೈಸೂರಿನ ಬೀದಿಗಳಲ್ಲಿ ಈಗಲೂ ಇದ್ದಾರೆ.) ಪಶ್ಚಿಮ ಜರ್ಮನಿಯ ಮೈಕೊ ಎಂಬ ಕುಟುಂಬದ ಕಾರ್ಖಾನೆ, ಮಣ್ಣಿನಲ್ಲಿ ಅದರಷ್ಟು ಸಮರ್ಪಕವಾಗಿ ತಿರುಗುವ ಯಂತ್ರ ಬೇರೆ ಇಲ್ಲವೆಂಬ ಖ್ಯಾತಿಯನ್ನು ಪಡೆದಿದ್ದರೂ, 500 ಸಿಸಿ ವಿಶ್ವ ಪ್ರಶಸ್ತಿಯ ಹೊಸ್ತಿಲಿನವರೆಗೆ ಹೋಗಿ ಒಳಗೆ ಕಾಲಿಡಲಾರದೆ, 1983ರಲ್ಲಿ ದಿವಾಳಿಯಾಯಿತು.

ಇವರಿಗಿಂತ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಅಮೆರಿಕದ ಕ್ಯಾನನ್‌ಡೇಲ್ ಕಂಪೆನಿಯ ಕಥೆ. 1971ರಲ್ಲಿ ಹುಟ್ಟಿ, ದಪ್ಪ ಅಲ್ಯೂಮಿನಿಯಮ್ ಕೊಳವೆಗಳ ಬೈಸಿಕಲ್ಲುಗಳಿಂದ ಸಾಧುವಾದ ಹೆಸರನ್ನು ಗಳಿಸಿದ್ದ ಈ ಸಂಸ್ಥೆಯು, ಶತಮಾನದ ಕೊನೆಯಲ್ಲಿ ಮೊಟೊಕ್ರಾಸ್ ಯಂತ್ರವೊಂದನ್ನು ಕಲ್ಪಿಸಿತು. ಅದರ ಎಂಜಿನ್ನಿನ ತಲೆ ಹಿಂದುಮುಂದಾಗಿ ಕೂತದ್ದು. ಕಾರ್ಬ್ಯುರೇಟರಿನ ಬದಲು ಇಂಧನವನ್ನು ಪಿಚಕಾರಿಯಂತೆ ಚಿಮ್ಮಿಸುವ ವ್ಯವಸ್ಥೆ. ಆ ಕಾಲಕ್ಕೆ ಎಲ್ಲವೂ ಧೀರವಾದ ಆಲೋಚನೆಗಳೇ. ಆದರೆ ಯಂತ್ರವು ಪಕ್ವವಾಗುವ ಮೊದಲೇ ಅದಕ್ಕೆ ಮಾರುಕಟ್ಟೆಯೂ ಸ್ಪರ್ಧಾತಂಡವೂ ಸಿದ್ಧವಾದವು. ಭಾರವಾದ, ಒಮ್ಮೊಮ್ಮೆ ಹೊತ್ತಿಕೊಳ್ಳದ, ಬಾಳಿಕೆಯಲ್ಲಿ ನಂಬಿಕೆ ಹುಟ್ಟಿಸದ ಆ ಗಾಡಿಯ ನಷ್ಟವು ವರ್ಷೇ ವರ್ಷೇ ಏರಿ, 2003ರ ಜನವರಿಯಲ್ಲಿ ಕಂಪೆನಿಯು ನ್ಯಾಯಾಲಯದ ರಕ್ಷಣೆಯನ್ನು ಕೋರಬೇಕಾಯಿತು. ಮೋಟಾರಿನ ವಿಭಾಗ ಮುಚ್ಚಿತು. ಬೈಸಿಕಲ್ಲು ಲಾಭದಲ್ಲಿದ್ದ ವ್ಯವಹಾರ. ಚಕ್ರಕ್ಕೆ ಕಡ್ಡಿ ಕೂರಿಸುತ್ತ, ಕೊಳವೆಗೆ ಬೆಸುಗೆ ಹಾಕುತ್ತ ಪೆನ್ಸಿಲ್ವೇನಿಯದಲ್ಲಿ ದುಡಿದವರ ಗಳಿಕೆಯೇ, ಅವರು ಕೇಳದ ಕೀರ್ತಿಯೊಂದಕ್ಕೆ ಹವಿಸ್ಸಾಯಿತು.

ಈ ಸ್ಥಳದಲ್ಲಿ ನನಗೆ ಮಹಾಭಾರತದ ಆಶ್ವಮೇಧಿಕ ಪರ್ವದ ಮುಂಗುಸಿ ನೆನಪಿಗೆ ಬರುತ್ತದೆ. ಧರ್ಮರಾಯನ ಅಶ್ವಮೇಧ ಮುಗಿದು, ದಾನದ ಪ್ರಶಂಸೆ ಮುಗಿಲನ್ನು ಮುಟ್ಟಿರುವಾಗ, ಅರ್ಧ ಮೈ ಹೊನ್ನಾದ ಮುಂಗುಸಿಯೊಂದು ಬಂದು, ಈ ಯಜ್ಞವು ಕುರುಕ್ಷೇತ್ರದ ಬಡ ಬ್ರಾಹ್ಮಣನೊಬ್ಬನು ಕೊಟ್ಟ ಒಂದು ಪ್ರಸ್ಥ ಹುರಿಹಿಟ್ಟಿಗೆ ಸಮವಲ್ಲವೆಂದು ಸಾರುತ್ತದೆ. ಹೊಲದಲ್ಲಿ ಉದುರಿದ ಕಾಳನ್ನು ಆಯ್ದುಕೊಳ್ಳುವ ಉಂಛವೃತ್ತಿಯಿಂದ ಬದುಕುತ್ತಿದ್ದ ಆ ಕುಟುಂಬವು ಕ್ಷಾಮಕಾಲದಲ್ಲಿ ಬಹು ಕಷ್ಟದಿಂದ ದೊರೆತ ಹಿಟ್ಟನ್ನು ನಾಲ್ಕು ಭಾಗ ಮಾಡಿಕೊಂಡು ಉಣ್ಣಲು ಕೂತಾಗ ಅತಿಥಿ ಬಂದನು. ಗೃಹಸ್ಥನು ತನ್ನ ಭಾಗವನ್ನು ಕೊಟ್ಟನು, ಅತಿಥಿಯ ಹಸಿವು ಹಿಂಗಲಿಲ್ಲ. ಹೆಂಡತಿ, ಮಗ, ಸೊಸೆ ಒಬ್ಬೊಬ್ಬರಾಗಿ ತಂತಮ್ಮ ಭಾಗಗಳನ್ನು ಮುಂದಿಟ್ಟರು. ಅಲ್ಲಿ ಉಳಿದ ಹಿಟ್ಟಿನ ಸೋಂಕಿನಿಂದಲೇ ಮುಂಗುಸಿಯ ಅರ್ಧ ಮೈ ಹೊನ್ನಾದದ್ದು. ಅಲ್ಪನ ದಾನವೂ ಮಹತ್ತಾಗಬಲ್ಲದೆಂಬುದಕ್ಕೆ ಈ ಕಥೆಯನ್ನು ಉದಾಹರಿಸುವುದು ವಾಡಿಕೆ. ಸಣ್ಣ ಕಾರ್ಖಾನೆಯವನು ತನ್ನ ಸಾಹಸದ ಸಮರ್ಥನೆಗೆ ಇದನ್ನು ಎತ್ತಿಕೊಂಡರೂ ಆಶ್ಚರ್ಯವಿಲ್ಲ. ನನ್ನ ಗಮನವು ಕಥೆಯ ಮತ್ತೊಂದು ಅಂಶದ ಮೇಲೆ ನೆಲೆಸಿದೆ. ಹೆಂಡತಿಯು ತನ್ನ ಪಾಲನ್ನು ಕೊಡೆಂದಾಗ ಆ ಬ್ರಾಹ್ಮಣನು ತಟ್ಟನೆ ಕೈಚಾಚುವುದಿಲ್ಲ. ಅವಳು ಹಸಿದವಳು, ಬಳಲಿದವಳು, ತಾನು ರಕ್ಷಿಸಬೇಕಾದವಳು ಎಂದು ಹಿಂಜರಿಯುತ್ತಾನೆ. ಅವಳು ತನ್ನ ಧರ್ಮವನ್ನು ತಾನೇ ಎತ್ತಿ ಹೇಳಿ ವಾದಿಸಿದ ಮೇಲೆಯೇ ಸ್ವೀಕರಿಸುತ್ತಾನೆ. ಸೊಸೆಯ ಸರದಿ ಬಂದಾಗ ಹಿಂಜರಿಕೆ ಇನ್ನೂ ಹೆಚ್ಚುತ್ತದೆ. ಆ ಹಿಟ್ಟು ಯಜ್ಞವಾದದ್ದು ಅದು ಅಲ್ಪವೆಂಬುದರಿಂದಲ್ಲ, ಒಂದೊಂದು ಹಿಡಿಯೂ ಅದರ ಒಡೆಯನ ಕೈಯಿಂದಲೇ ಬಂದದ್ದರಿಂದ. ಯಜಮಾನನು ಮನೆಯವರನ್ನು ಕೇಳದೆ ನಾಲ್ಕು ಪಾಲನ್ನೂ ಬಾಚಿ ಅತಿಥಿಯ ಎಲೆಗೆ ಸುರಿದಿದ್ದರೆ, ಹಿಟ್ಟು ಅಷ್ಟೇ ಇರುತ್ತಿತ್ತು, ಅತಿಥಿಯ ತೃಪ್ತಿಯೂ ಅಷ್ಟೇ ಇರುತ್ತಿತ್ತು. ಮುಂಗುಸಿಯ ಮೈ ಹೊನ್ನಾಗುತ್ತಿತ್ತೆಂದು ನಾನು ನಂಬಲಾರೆ.

ಕಾರ್ಖಾನೆಯ ಗಳಿಕೆಯಲ್ಲಿ ಇಂಥ ಪಾಲುಗಳು ಎಷ್ಟು! ಕೆಲಸಗಾರನ ಸಂಬಳ ಒಂದು, ಬಿಡಿಭಾಗಗಳನ್ನು ಸಾಲವಾಗಿ ಒದಗಿಸಿದ ಇನ್ನೂ ಸಣ್ಣ ಕಮ್ಮಟದವನ ಬಾಕಿ ಒಂದು, ಬ್ಯಾಂಕಿನ ಹಣ ಒಂದು, ಮುಂಗಡ ಕೊಟ್ಟು ಕಾದಿರುವ ಗಿರಾಕಿಯದು ಒಂದು. ಇವೆಲ್ಲ ಯಜಮಾನನ ಪೆಟ್ಟಿಗೆಯಲ್ಲಿ ಒಟ್ಟಿಗೆ ಬಿದ್ದಿರುವುದರಿಂದ ಎಲ್ಲವೂ ತನ್ನದೇ ಎಂಬ ಭ್ರಮೆ ಸುಲಭವಾಗಿ ಹುಟ್ಟುತ್ತದೆ. ಆಸ್ಟ್ರಿಯದ ಮಾಟಿಗ್‌ಹೋಫನ್ನಿನ ಕೆ.ಟಿ.ಎಂ. ಕಾರ್ಖಾನೆಯ ಚರಿತ್ರೆ ಈ ವಿಷಯದಲ್ಲಿ ಎರಡು ಪಾಠಗಳನ್ನು ಒಂದೇ ಹೆಸರಿನ ಕೆಳಗೆ ಇಟ್ಟಿದೆ. 1991ರ ಕೊನೆಯಲ್ಲಿ ಅದು ದಿವಾಳಿಯಾಗಿ ತುಂಡು ತುಂಡಾಯಿತು. ಮೋಟಾರ್ ಸೈಕಲಿನ ತುಂಡನ್ನು ಎತ್ತಿಕೊಂಡು ಸ್ಟೆಫಾನ್ ಪೀರರ್ ಮೊದಲಾದವರು 1992ರಲ್ಲಿ ಅದನ್ನು ಮತ್ತೆ ನಿಲ್ಲಿಸಿದರು. ನಿಲ್ಲಿಸಿದ್ದು ಮುಖ್ಯವಾಗಿ ಮಣ್ಣಿನ ಸ್ಪರ್ಧೆಯ ಬಲದಿಂದ. ತಾನು ಚೆನ್ನಾಗಿ ಬಲ್ಲ ಕೆಲಸವನ್ನೇ ಹಿಡಿದು, ಸ್ಪರ್ಧೆಯಲ್ಲಿ ಕಲಿತದ್ದನ್ನು ಮಾರುವ ಗಾಡಿಗೆ ಇಳಿಸಿ, ಆ ಸಣ್ಣ ಸಂಸ್ಥೆಯು ಯೂರೋಪಿನ ದೊಡ್ಡ ಸಂಸ್ಥೆಯಾಗಿ ಬೆಳೆಯಿತು. 2012ರಲ್ಲಿ ರಯಾನ್ ಡಂಜಿ ಅದಕ್ಕೆ ಅಮೆರಿಕದ 450 ಸಿಸಿ ಮೊಟೊಕ್ರಾಸ್ ಪ್ರಶಸ್ತಿಯನ್ನು ಮೊದಲ ಬಾರಿಗೆ ತಂದುಕೊಟ್ಟನು. ಇದು ಮೊದಲ ಪಾಠ. 2024ರ ನವೆಂಬರಿನಲ್ಲಿ ಅದೇ ಸಂಸ್ಥೆಯು, ಮಾರಾಟವಾಗದ ಗಾಡಿಗಳು ಗೋದಾಮುಗಳಲ್ಲಿ ರಾಶಿ ಬಿದ್ದು, ಇನ್ನೂರು ಕೋಟಿ ಯೂರೋಗಳ ಸುತ್ತಮುತ್ತ ಸಾಲ ಏರಿ, ಮತ್ತೆ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿತು. ಅದರ ಪತನಕ್ಕೆ ಸ್ಪರ್ಧೆಯೇ ಕಾರಣವೆಂದು ಹೇಳುವುದು ಅನ್ಯಾಯ. ಅತಿಯಾದ ಉತ್ಪಾದನೆಯೇ ದೊಡ್ಡ ಕಾರಣ. ಆದರೆ 2025ರ ಜನವರಿಯಲ್ಲಿ, ಸಾಲ ಕೊಟ್ಟವರು ತಮ್ಮ ಹಣದಲ್ಲಿ ಎಷ್ಟು ಹಿಂದಿರುಗುವುದೋ ಎಂದು ಕಾದು ಕೂತಿರುವಾಗ, ಡೇನಿಯಲ್ ಸ್ಯಾಂಡರ್ಸ್ ಕೆ.ಟಿ.ಎಂ. ಮೇಲೆ, ಮರುಭೂಮಿಯನ್ನು ದಾಟುವ ದೀರ್ಘ ಓಟವಾದ ಡಕಾರ್ ರ‍್ಯಾಲಿಯನ್ನು ಗೆದ್ದನು. ಸಾಲ ಕೊಟ್ಟವರಿಗೆ ಕೊನೆಗೆ ಒಪ್ಪಿಗೆಯಾದದ್ದು ನೂರಕ್ಕೆ ಮೂವತ್ತು. ಆ ವಿಜಯದ ಹೊನ್ನಿನಲ್ಲಿ, ಉಳಿದ ಎಪ್ಪತ್ತನ್ನು ಕಳೆದುಕೊಂಡವರ ಅಂಶ ಎಷ್ಟಿತ್ತೆಂದು ಕೇಳದಿರಲು ನನ್ನಿಂದಾಗುವುದಿಲ್ಲ. ಆ ಸಂಸ್ಥೆಯನ್ನು ಎತ್ತಿ ಹಿಡಿಯಲು ಹಣ ಕೊಟ್ಟದ್ದು ನಮ್ಮ ಪುಣೆಯ ಬಜಾಜ್ ಕಂಪೆನಿ. ಆ ಮನೆತನದ ಮೂಲಪುರುಷರಾದ ಜಮ್ನಾಲಾಲ್ ಬಜಾಜರು ಗಾಂಧೀಜಿಯ ಆಪ್ತರು, ಧನಿಕನು ತನ್ನ ಧನಕ್ಕೆ ಒಡೆಯನಲ್ಲ, ಧರ್ಮದರ್ಶಿ ಮಾತ್ರ ಎಂಬ ಗಾಂಧೀಜಿಯ ವಿಚಾರವನ್ನು ಬಾಳಿನಲ್ಲಿ ನಡೆಸಲು ಹೆಣಗಿದವರು. ಧರ್ಮದರ್ಶಿಯು ದೇವಸ್ಥಾನದ ಹಣದಿಂದ ಉತ್ಸವವನ್ನು ನಡೆಸಬಹುದು. ದೀಪದ ಎಣ್ಣೆಗೂ ಅರ್ಚಕನ ಅಕ್ಕಿಗೂ ಇಟ್ಟದ್ದನ್ನು ತೆಗೆದು ಬಾಣಬಿರುಸು ಸುಡಿಸಲು ಅವನಿಗೆ ಅಧಿಕಾರವಿಲ್ಲ.

ಇನ್ನು ಸವಾರನ ಪಾಲು. ಇದು ಹಣದ ಪಾಲಿಗಿಂತ ಗುರುತರವಾದದ್ದು, ಏಕೆಂದರೆ ಅವನು ಎಲೆಯ ಮೇಲಿಡುವುದು ತನ್ನ ಬೆನ್ನುಮೂಳೆಯನ್ನು. 2020ರ ಜನವರಿಯಲ್ಲಿ ಸೌದಿ ಅರೇಬಿಯದ ಮರಳಿನಲ್ಲಿ, ಹೀರೋ ಸಂಸ್ಥೆಯ ತಂಡಕ್ಕಾಗಿ ಡಕಾರ್ ಓಡುತ್ತಿದ್ದ ಪೋರ್ಚುಗಲ್ಲಿನ ಪಾವ್ಲೊ ಗೊನ್ಸಾಲ್ವಿಸ್ ಬಿದ್ದು ಪ್ರಾಣಬಿಟ್ಟರು. ಮರು ವರ್ಷ ಅದೇ ತಂಡದ, ಮೊಟೊಕ್ರಾಸಿನಿಂದಲೇ ಬೆಳೆದು ಬಂದ, ಡಕಾರನ್ನು ಪೂರೈಸಿದ ಮೊದಲ ಭಾರತೀಯರೆನಿಸಿದ ಬೆಂಗಳೂರಿನ ಸಿ. ಎಸ್. ಸಂತೋಷ್ ತಲೆಗೆ ಪೆಟ್ಟುಬಿದ್ದು, ವೈದ್ಯರು ಔಷಧದಿಂದ ಪ್ರಜ್ಞೆಯನ್ನು ತಡೆದಿಡಬೇಕಾದ ಸ್ಥಿತಿಗೆ ತಲುಪಿ, ದೈವಕೃಪೆಯಿಂದ ಬದುಕಿ ಬಂದರು. ಹೀರೋ ಸಣ್ಣ ಸಂಸ್ಥೆಯಲ್ಲ. ಆದರೆ ಮಣ್ಣು ಸಂಸ್ಥೆಯ ಗಾತ್ರವನ್ನು ನೋಡಿ ಪೆಟ್ಟು ಕೊಡುವುದಿಲ್ಲ. ಕೆ.ಟಿ.ಎಂ. ಮೇಲೆ 1984 ಮತ್ತು 1985ರಲ್ಲಿ 250 ಸಿಸಿ ವಿಶ್ವ ಚಾಂಪಿಯನ್ ಆದ ಹೈನ್ಸ್ ಕಿನಿಗಾಡ್ನರನ ಸಹೋದರನು ಮೊಟೊಕ್ರಾಸ್ ಅಪಘಾತದಿಂದ ಗಾಲಿಕುರ್ಚಿಗೆ ಸೇರಿದನು. 2003ರಲ್ಲಿ ಮಗ ಹಾನೆಸ್‌ಗೂ ಅದೇ ಗತಿಯಾಯಿತು. ಮರು ವರ್ಷ ಕಿನಿಗಾಡ್ನರನು ಉದ್ಯಮಿ ಡೀಟ್ರಿಶ್ ಮಾಟೆಶಿಟ್ಸನೊಡನೆ ಸೇರಿ, ಬೆನ್ನುಹುರಿಯ ಗಾಯಕ್ಕೆ ಚಿಕಿತ್ಸೆಯನ್ನು ಹುಡುಕುವ ಸಂಶೋಧನೆಗೆ ನೆರವಾಗಲು ವಿಂಗ್ಸ್ ಫಾರ್ ಲೈಫ್ ಎಂಬ ನಿಧಿಯನ್ನು ಸ್ಥಾಪಿಸಿದನು. ಕೀರ್ತಿಯ ಬೆಲೆಯನ್ನು ತನ್ನ ಮನೆಯಲ್ಲಿಯೇ ತೆತ್ತವನು ಮಾಡಿದ ಕಾರ್ಯ ಅದು.

ಸವಾರನು ಒಪ್ಪಿಯೇ ಬಂದಿದ್ದಾನೆ, ಹಣವನ್ನು ಪಡೆದೇ ಓಡುತ್ತಾನೆ ಎಂಬ ಸಮಾಧಾನ ಇಲ್ಲಿ ಅರ್ಧ ಮಾತ್ರ ಸಲ್ಲುತ್ತದೆ. ಒಪ್ಪಿಗೆ ಕೊಡುವವರಲ್ಲಿ ಎಷ್ಟೋ ಮಂದಿ ಹದಿನಾರು ಹದಿನೇಳರ ಹುಡುಗರು. ಮುಂದೆ ಐವತ್ತು ವರ್ಷ ಬಾಳಬೇಕಾದ ದೇಹದ ಬೆಲೆಯನ್ನು ಆ ವಯಸ್ಸಿನಲ್ಲಿ ಬಲ್ಲವರಾರು? ಸೊಸೆಯ ಪಾಲನ್ನು ತೆಗೆದುಕೊಳ್ಳುವಾಗ ಬ್ರಾಹ್ಮಣನಿಗೆ ಉಂಟಾದ ಹಿಂಜರಿಕೆಯು ಹುಡುಗನ ಮುಂದೆ ಒಪ್ಪಂದದ ಕಾಗದವನ್ನು ಇಡುವ ಯಜಮಾನನಿಗೂ ಉಂಟಾಗತಕ್ಕದ್ದು. ಹಾಗೆ ಹಿಂಜರಿದ ಮೇಲೂ ಕಾಗದವನ್ನು ಇಡುವುದಾದರೆ, ಸ್ಪರ್ಧೆಯ ಋತುವು ಮುಗಿದ ಮೇಲಿನ ಚಿಕಿತ್ಸೆ, ಮತ್ತೆ ಓಡಲಾರದವನಾದರೆ ಅವನ ಜೀವನೋಪಾಯ, ಇವು ಕಾಗದದಲ್ಲಿ ಬಹುಮಾನದ ಸಾಲಿಗಿಂತ ಮೇಲೆ ಬರಬೇಕು. ಇಷ್ಟನ್ನು ವಹಿಸಲಾರದ ಕಾರ್ಖಾನೆಗೆ ಸವಾರನನ್ನು ಕಣಕ್ಕಿಳಿಸುವ ಅಧಿಕಾರವೇ ಇಲ್ಲವೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಅಶ್ವವನ್ನು ಬಿಡುವವನು ಅದನ್ನು ಕಾಯಬಲ್ಲವನಾಗಿರಬೇಕೆಂಬುದು ಅಶ್ವಮೇಧದ ಮೊದಲ ನಿಯಮವಾಗಿತ್ತು.

ಹಾಗಾದರೆ ಸಣ್ಣವನು ಕಣದಿಂದ ದೂರವೇ ಉಳಿಯಬೇಕೆ? ನನ್ನ ಅಭಿಪ್ರಾಯ ಅದಲ್ಲ. ಎಲ್ಲ ಪಾಲುಗಳೂ ಸಂದ ಮೇಲೆ ನಿಜವಾಗಿಯೂ ತನ್ನದೆಂದು ಉಳಿದ ಹಣದಿಂದ, ತಾನು ಮಾರುವ ಯಂತ್ರವನ್ನೇ ಓಡಿಸುವ, ಒಬ್ಬಿಬ್ಬರು ಸವಾರರ ತಂಡವನ್ನು ಅವನು ಧಾರಾಳವಾಗಿ ಪೋಷಿಸಲಿ. ತಂಡದ ಮೆಕ್ಯಾನಿಕ್ ಕಾರ್ಖಾನೆಯ ಕೆಲಸದವರಲ್ಲಿ ಒಬ್ಬನಾಗಿರಲಿ. ಕೆಟ್ಟ ವರ್ಷ ಬಂದಾಗ ಸವಾರನ ಒಪ್ಪಂದವನ್ನು ಪೂರ್ತಿಯಾಗಿ ಸಲ್ಲಿಸಿ, ಬಹಿರಂಗವಾಗಿ ಹೇಳಿ, ಲಾರಿಯನ್ನು ನಿಲ್ಲಿಸಲಿ. ಕೆಲಸಗಾರರಿಗೆ ಇದರ ಖರ್ಚುವೆಚ್ಚವನ್ನು ತಿಳಿಸಿ ಅವರ ಮಾತನ್ನು ಕೇಳುವುದೂ ಅಸಾಧ್ಯವಾದ ಕಾರ್ಯವೇನಲ್ಲ. ನೂರಾರು ಜನ ಮಾತ್ರ ದುಡಿಯುವ ಕಾರ್ಖಾನೆಯಲ್ಲಿ ಅದು ಒಂದು ಮಧ್ಯಾಹ್ನದ ಸಭೆ. ಇಂಥ ತಂಡವು ಹೋಂಡಾ ಯಮಹಾಗಳನ್ನು ಗೆಲ್ಲಲಾರದು, ಗೆಲ್ಲದ ತಂಡವನ್ನು ಯಾರೂ ನೋಡರು ಎಂದು ಆಕ್ಷೇಪಿಸುವವರುಂಟು. ಆಕ್ಷೇಪದ ಮೊದಲ ಭಾಗ ಬಹುಮಟ್ಟಿಗೆ ನಿಜ. ಆದರೆ ಹನ್ನೊಂದನೆಯದಾಗಿ ಬಂದ ಯಂತ್ರವೂ ಗೆದ್ದ ಯಂತ್ರ ಹಾದ ಜಾಡಿನಲ್ಲೇ ಅಷ್ಟೇ ಹೊತ್ತು ಓಡಿರುತ್ತದೆ. ಅದರ ಬೆಸುಗೆ, ಕ್ಲಚ್ಚು, ಮುಂಗಾಲುಗಳು ಹೇಳಬೇಕಾದದ್ದನ್ನೆಲ್ಲ ಸೋಮವಾರ ಬೆಳಿಗ್ಗೆ ಬಿಚ್ಚಿ ನೋಡಿದವನಿಗೆ ಹೇಳುತ್ತವೆ, ಆ ಗಾಡಿಯನ್ನು ಕೊಳ್ಳಲು ಬರುವ ಹಳ್ಳಿಯ ಹುಡುಗನಿಗೆ ಬೇಕಾಗಿರುವುದೂ ಅದೇ ತಿಳಿವಳಿಕೆ.